ಡೊಂಬಿವಲಿಯಲ್ಲಿ ಕಲೀರಿ, ಲೀಡ್ಸ್‌ನಲ್ಲಿ ಮಾಡಿ: ಮನೆ ಬಿಯರ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಬ್ಯಾಂಕಿನಿಂದ ರಿಟೈರ್ ಆದವನು, ಮೂಲ ಧಾರವಾಡ, ಈಗ ಡೊಂಬಿವಲಿ. ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ, ಅಲ್ಲಿ ಮನೇಲೇ ಬಿಯರ್ ಮಾಡೋ ಹವ್ಯಾಸ ಹಿಡಿಸ್ಕೊಂಡಿದ್ದಾನೆ. ದೀಪಾವಳಿಗೆ ಬಂದಾಗ ನನಗೂ ಒಂದು ಕಿಟ್ ತಂದುಕೊಟ್ಟ: ಮುಚ್ಚಳದ ಬಕೆಟ್, ಒಳಗಿನ ಗ್ಯಾಸನ್ನ ಮಾತ್ರ ಹೊರಬಿಡೋ ಏರ್‌ಲಾಕ್, ದ್ರವ ಎಷ್ಟು ಗಟ್ಟಿ ಅಂತ ಅಳೆಯೋ ಹೈಡ್ರೋಮೀಟರ್, ಮೊಳಕೆ ಬಾರ್ಲಿಯ ಪಾಕದ ಮಾಲ್ಟ್ ಡಬ್ಬಿ, ಯೀಸ್ಟ್ ಪ್ಯಾಕೆಟ್. ಜೂನ್‌ನಲ್ಲಿ ನಾವಿಬ್ರೂ ಅಲ್ಲಿಗೆ ಹೋಗ್ತಿದ್ದೀವಿ, ಅದಕ್ಕೆ ಮುಂಚೆ ಇಲ್ಲೇ ಒಂದ್ಸಲ ಮಾಡಿ ನೋಡ್ಬಹುದಾ? ಮನೆಯವರು ಕಳ್ಳಭಟ್ಟಿ ತರ ಕಣ್ಣು ಹೋಗತ್ತೆ ಅಂತ ಹೆದರ್ತಾರೆ. ಮಗನ ಮೊದಲ ಬ್ಯಾಚ್ ಬಾಳೆಹಣ್ಣಿನ ವಾಸನೆ ಬಂದು, ಕುಡಿದ್ರೆ ಗಂಟಲು ಉರೀತಿತ್ತಂತೆ, ಎರಡು ಬಾಟಲಿ ಒಡೆದೂ ಹೋಯ್ತಂತೆ. ತಪ್ಪು ಎಲ್ಲಾಗಿರತ್ತೆ?

ಉತ್ತರ:

ಸರ್, ಮೊದಲು ಕಾನೂನಿನ ಮಾತು ಮುಗಿಸಿಬಿಡ್ತೀನಿ, ಯಾಕಂದ್ರೆ ಪುಣೆಯಲ್ಲಿ ಬ್ರೂಯಿಂಗ್ ಕೆಲಸ ಮಾಡೋನು ಅಂತ ಗೊತ್ತಾದ ತಕ್ಷಣ ಇಲ್ಲಿನ ಕನ್ನಡದವರೆಲ್ಲ ಕೇಳೋ ಮೊದಲ ಪ್ರಶ್ನೆ ಇದೇ. ಡೊಂಬಿವಲಿಯಲ್ಲಿ ಮಾಡ್ಬೇಡಿ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ, ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಜೈಲು ಶಿಕ್ಷೆಯೂ ಇದೆ, ಮನೆಮಟ್ಟಿಗೆ ಸ್ವಲ್ಪ ಮಾಡ್ಕೊಂಡ್ರೆ ಪರವಾಗಿಲ್ಲ ಅನ್ನೋ ರಿಯಾಯಿತಿ ಅದರಲ್ಲಿಲ್ಲ. ನಿಮ್ಮ ಹತ್ರ ಪರ್ಮಿಟ್ ಇದ್ರೂ ಅದು ಕುಡಿಯೋಕೆ, ಇಟ್ಕೊಳ್ಳೋಕೆ ಕೊಟ್ಟಿರೋದು, ತಯಾರಿಸೋಕಲ್ಲ. ಮದ್ಯ ಮಾಡೋ ಉದ್ದೇಶದಿಂದ ಪಾತ್ರೆ ಸಾಮಾನು ಇಟ್ಕೊಳ್ಳೋದನ್ನೂ ಅದೇ ಕಾಯ್ದೆ ಅಪರಾಧ ಅನ್ನತ್ತೆ, ಹಾಗಾಗಿ ಆ ಕಿಟ್ ವಾಪಸ್ ಲೀಡ್ಸ್‌ಗೇ ಹೋಗೋದು ಒಳ್ಳೇದು. ಹಾಗಾದ್ರೆ ಗೋವಾಗೆ ಹೋಗಿ ಮಾಡ್ಲಾ ಅಂತ ಕೆಲವರು ಕೇಳ್ತಾರೆ, ಅಲ್ಲೂ ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು, ಫೆನಿ ಭಟ್ಟಿ ಹಚ್ಚೋ ಹಳ್ಳಿಯವರೂ ಲೈಸೆನ್ಸ್ ತಗೊಂಡೇ ಹಚ್ಚೋದು.

ಇಂಗ್ಲೆಂಡಿನ ಕತೆ ಬೇರೆ. ಅಲ್ಲೂ ಮೊದಲು ಮನೆ ಬಿಯರ್‌ಗೆ ಲೈಸೆನ್ಸ್ ಇತ್ತು, 1963ರ ಬಜೆಟ್‌ನಲ್ಲಿ ರೆಜಿನಾಲ್ಡ್ ಮೌಡ್ಲಿಂಗ್ ಅನ್ನೋ ಹಣಕಾಸು ಮಂತ್ರಿ ಅದನ್ನ ತೆಗೆದುಹಾಕಿದ್ರು. ಅವತ್ತಿಂದ ಸ್ವಂತಕ್ಕೆ ಎಷ್ಟು ಬೇಕಾದ್ರೂ ಮಾಡ್ಕೋಬಹುದು, ಮಾರೋ ಹಾಗಿಲ್ಲ ಅಷ್ಟೇ. ಅಮೇರಿಕದಲ್ಲಿ ಕಾರ್ಟರ್ ಕಾಲದಲ್ಲಿ, 1978ರಲ್ಲಿ ಕಾನೂನಾಯ್ತು, ಅಲ್ಲಿ ಮನೆಗೆ ವರ್ಷಕ್ಕೆ ಇಷ್ಟು ಗ್ಯಾಲನ್ ಅಂತ ಮಿತಿ ಇದೆ. ಅಂದ್ರೆ ನಿಮ್ಮ ಮಗ ಮಾಡ್ತಿರೋದು ಪೂರ್ತಿ ನೆಟ್ಟಗಿನ ಕೆಲಸ, ಜೂನ್‌ನಲ್ಲಿ ನೀವೂ ಅವನ ಜೊತೆ ಆರಾಮಾಗಿ ಮಾಡಿ.

ಇನ್ನು ಮನೆಯವರ ಹೆದರಿಕೆ. ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ, ಮುಂಬೈಲಿ ಇರೋವ್ರಿಗೆ ಆ ಹೆದರಿಕೆ ಬರೋದಕ್ಕೆ ಕಾರಣ ಇದೆ. 2015ರ ಜೂನ್‌ನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ವಿಷದ ಸಾರಾಯಿ ಕುಡಿದು 100ಕ್ಕೂ ಹೆಚ್ಚು ಜನ ಸತ್ರು, ಅದಕ್ಕೂ ಮುಂಚೆ 2004ರಲ್ಲಿ ವಿಕ್ರೋಳಿಯಲ್ಲಿ ಆಗಿತ್ತು. ಆದ್ರೆ ಅಲ್ಲಿ ಜನರನ್ನ ಕೊಂದಿದ್ದು ಮೆಥನಾಲ್, ಕಾರ್ಖಾನೆಗೆ ಹೋಗಬೇಕಾದ ಕೆಮಿಕಲ್ಲು, ಅದು ಹೊರಗಿಂದ ಸಾರಾಯಿಗೆ ಸೇರಿದ್ದು. ದುಡ್ಡಿನಾಸೆಗೆ ಬಡವರ ಗ್ಲಾಸಿಗೆ ವಿಷ ಸುರಿದ ಕೆಲಸ ಅದು. ದೇಹದೊಳಗೆ ಮೆಥನಾಲ್ ಒಡೆದು ಫಾರ್ಮಿಕ್ ಆಸಿಡ್ ಆಗತ್ತೆ, ಅದು ಕಣ್ಣಿನ ನರಕ್ಕೆ ಹೊಡೆಯತ್ತೆ, ಕಣ್ಣು ಹೋಗತ್ತೆ ಅನ್ನೋ ಮಾತು ಬಂದಿದ್ದು ಹಾಗೆ. ಬಾರ್ಲಿಯ ಬಿಯರ್‌ನಲ್ಲಿ ಯೀಸ್ಟ್ ಮಾಡೋದು ಎಥನಾಲ್. ಹುದುಗು ಬರೋವಾಗ ಮೆಥನಾಲ್ ಹುಟ್ಟೋದು ಪೆಕ್ಟಿನ್‌ನಿಂದ, ಪೆಕ್ಟಿನ್ ಜಾಸ್ತಿ ಇರೋದು ಹಣ್ಣಿನಲ್ಲಿ, ಧಾನ್ಯದಲ್ಲಿ ತೀರಾ ಕಮ್ಮಿ, ಮೇಲಾಗಿ ಬಿಯರ್‌ನಲ್ಲಿ ಭಟ್ಟಿ ಇಳಿಸೋ ಹಂತವೇ ಇಲ್ಲ. ಆದ್ದರಿಂದ ಸರಿಯಾದ ಸಾಮಾನಿನಿಂದ ಮಾಡಿದ ಮನೆ ಬಿಯರ್ ಕೆಟ್ರೆ ಹುಳಿಯಾಗತ್ತೆ, ನಾತ ಬರತ್ತೆ, ಚೆಲ್ಲಬೇಕಾಗತ್ತೆ, ಕಣ್ಣು ತೆಗೆಯಲ್ಲ. ಮನೆಯವರಿಗೆ ಇದನ್ನ ಓದಿ ಹೇಳಿ. ಅಪಾಯ ಅಂತ ನಿಜವಾಗಿ ಇರೋದು ಒಂದೇ, ಗಾಜಿನ ಬಾಟಲಿ ಸಿಡಿಯೋದು, ಅದಕ್ಕೆ ಆಮೇಲೆ ಬರ್ತೀನಿ.

ಈಗ ಮಗನ ಬ್ಯಾಚ್. ನೀವು ಬರೆದಿರೋ ಎರಡೇ ಲಕ್ಷಣದಲ್ಲಿ ನನಗೆ ಅರ್ಧ ಕತೆ ಗೊತ್ತಾಯ್ತು. ಬಾಳೆಹಣ್ಣಿನ ವಾಸನೆ, ಗಂಟಲಲ್ಲಿ ಉರಿ: ಬಿಸಿ ಜಾಸ್ತಿಯಾಗಿತ್ತು. ರೆಸಿಪಿ ತಪ್ಪಿರಲ್ಲ, ಡಬ್ಬಿ ಕೆಟ್ಟಿರಲ್ಲ, ನೀರು ಕಾರಣ ಅಲ್ಲ. ಹೊಸಬರು ಹತ್ತು ರೆಸಿಪಿ ಓದಿ ಕಹಿ, ಪರಿಮಳ ಕೊಡೋ ಹಾಪ್ಸ್ ಹೂವು ಯಾವುದು ಹಾಕ್ಲಿ ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಳ್ತಾರೆ, ಥರ್ಮಾಮೀಟರ್ ಮಾತ್ರ ಕೊನೇಲಿ ನೆನಪಾಗತ್ತೆ. ನಾನು ಇಷ್ಟು ವರ್ಷದಲ್ಲಿ ನಂಬಿಕೊಂಡಿರೋದು ಇದನ್ನ: ಬಿಯರ್ ಮಾಡೋದು ಯೀಸ್ಟು, ನಾವು ಅದಕ್ಕೆ ಊಟ ಇಟ್ಟು, ಜಾಗ ತಂಪಾಗಿಟ್ಟು, ಬೇರೆ ಯಾರೂ ಒಳಗೆ ಬರದ ಹಾಗೆ ಕಾಯೋವ್ರು. ಆ ತಂಪು ತಪ್ಪಿದ್ರೆ ಎಂಥ ದುಬಾರಿ ಮಾಲ್ಟ್ ತಂದ್ರೂ ಉಪಯೋಗ ಇಲ್ಲ.

ಏಲ್ ಅಂದ್ರೆ ಇಂಗ್ಲೆಂಡಿನ ಮಾಮೂಲಿ ಜಾತಿಯ ಬಿಯರ್, ಸಾಮಾನ್ಯ ಏಲ್ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಹೆಚ್ಚಿನವರು ಮರೆಯೋದು ಏನಂದ್ರೆ, ಯೀಸ್ಟ್ ಕೆಲಸ ಶುರು ಮಾಡಿದ ಮೇಲೆ ತಾನೇ ಶಾಖ ಹುಟ್ಟಿಸತ್ತೆ, ರೂಮಿಗಿಂತ ಬಕೆಟ್ ಒಳಗೆ ಮೂರರಿಂದ ಐದು ಡಿಗ್ರಿ ಜಾಸ್ತಿ ಇರತ್ತೆ. ಲೀಡ್ಸ್‌ನಲ್ಲಿ ಬೇಸಿಗೆಯ ಬಿಸಿ ದಿನದಲ್ಲಿ ಮನೆಯೊಳಗೆ 25 ಇದ್ರೆ ಬಕೆಟ್ ಒಳಗೆ 29. ಅಷ್ಟು ಬಿಸಿಯಲ್ಲಿ ಯೀಸ್ಟ್ ಅವಸರದಲ್ಲಿ ಬೆಳೆಯತ್ತೆ, ಐಸೊಅಮೈಲ್ ಅಸಿಟೇಟ್ ಅನ್ನೋ ಎಸ್ಟರ್, ಅಂದ್ರೆ ಹಣ್ಣಿನ ವಾಸನೆಯ ರಾಸಾಯನಿಕ, ಹುಟ್ಟತ್ತೆ, ಅದೇ ನಿಮ್ಮ ಬಾಳೆಹಣ್ಣು. ಜೊತೆಗೆ ಫ್ಯೂಸೆಲ್ ಅಂತ ಕರೆಯೋ ಭಾರದ ಆಲ್ಕೋಹಾಲ್‌ಗಳು, ಗಂಟಲು ಉರಿಸೋದು ಅವು. ಎಸ್ಟರ್ ಆದ್ರೂ ದಿನ ಕಳೆದ ಹಾಗೆ ಸ್ವಲ್ಪ ಇಳಿಯತ್ತೆ, ಫ್ಯೂಸೆಲ್ ಮಾತ್ರ ಒಮ್ಮೆ ಬಂದ್ರೆ ಹೋಗಲ್ಲ. ಇವೆಲ್ಲ ಹುಟ್ಟೋದು ಹೆಚ್ಚುಕಮ್ಮಿ ಮೊದಲ ಎರಡು ಮೂರು ದಿನದಲ್ಲೇ, ಆದ್ದರಿಂದ ಆ ಮೂರು ದಿನ ತಂಪಾಗಿ ಇಟ್ರೆ ಮುಕ್ಕಾಲು ಪಾಲು ಗೆದ್ದ ಹಾಗೆ, ಅದಾದ ಮೇಲೆ 21, 22ಕ್ಕೆ ಏರಿದ್ರೂ ತೊಂದರೆ ಇಲ್ಲ, ಏರೋದು ಒಳ್ಳೇದೂ ಕೂಡ, ಬೆಣ್ಣೆ ವಾಸನೆಯ ಡೈಅಸಿಟೈಲ್ ಅನ್ನ ಯೀಸ್ಟ್ ಆಗ ತಾನೇ ತಿಂದು ಮುಗಿಸತ್ತೆ.

ಡಬ್ಬಿಗಳ ಮೇಲೆ 21ರಿಂದ 27 ಡಿಗ್ರಿ ಅಂತ ಬರೆದಿರೋದೂ ಉಂಟು, ಆ ಬಿಸಿಯಲ್ಲಿ ಬೇಗ ಮುಗಿಯತ್ತೆ, ಅದೇ ಅದರ ಲಾಭ, ಮಗನಿಗೆ ಅದನ್ನ ಬಿಟ್ಟುಬಿಡಕ್ಕೆ ಹೇಳಿ. ಫ್ರಿಜ್ ಬೇಕಾಗಿಲ್ಲ. ದೊಡ್ಡ ಟಬ್‌ನಲ್ಲಿ ನೀರು ತುಂಬಿ ಬಕೆಟ್ ಅದರಲ್ಲಿ ನಿಲ್ಲಿಸಿ, ಮೇಲೆ ಹಳೇ ಟವೆಲ್ ಹೊದಿಸಿ ಅದರ ತುದಿ ನೀರಲ್ಲಿ ಅದ್ದಿರಬೇಕು, ನೀರು ಮೇಲೇರಿ ಆರ್ತಾ ತಂಪು ಕೊಡತ್ತೆ. ಬೇಸಿಗೇಲಿ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೇ ಇದು. ತೀರಾ ಬಿಸಿ ದಿನ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿ ಒಂದೆರಡು ಟಬ್‌ಗೆ ಬಿಟ್ರೆ ಸಾಕು. ಇಲ್ಲಿ ಮುಂಬೈಲಿ ಇದೇ ಉಪಾಯ ಅಷ್ಟು ಕೆಲಸ ಮಾಡಲ್ಲ, ಗಾಳಿಯಲ್ಲೇ ಅಷ್ಟು ತೇವ ಇದ್ರೆ ಟವೆಲ್ ಒಣಗೋದೆಲ್ಲಿ ಬಂತು. ಪುಣೆಯ ಏಪ್ರಿಲ್‌ನ ಒಣ ಬಿಸಿಲಲ್ಲಿ ಚೆನ್ನಾಗಿ ಆಗತ್ತೆ.

ಬಿಸಿಗೆ ಒಗ್ಗೋ ಯೀಸ್ಟ್ ಇಲ್ವಾ ಅಂತ ನೀವು ಕೇಳಬಹುದು. ಇದೆ, ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರಿನಿಂದ ಉಳಿಸ್ಕೊಂಡು ಬಂದಿರೋ ಕ್ವೈಕ್ ಯೀಸ್ಟು, 35 ಡಿಗ್ರಿ ದಾಟಿದ್ರೂ ಶುದ್ಧವಾಗಿ ಕೆಲಸ ಮಾಡತ್ತೆ. ಅಷ್ಟು ಚಳಿ ದೇಶದಿಂದ ಇಂಥ ಯೀಸ್ಟ್ ಬಂದಿದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ! ಆದ್ರೆ ಮೊದಲ ಸಲ ಅದು ಬೇಡ, ತಂಪು ಕಾಯೋದನ್ನ ಕಲಿತ ಮೇಲೆ ಆಟ ಆಡಿ.

ಬಾಟಲಿ ಒಡೆದಿದ್ದಕ್ಕೆ ಕಾರಣ ಇನ್ನೊಂದು. ಮಗ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿದ್ದು ನೋಡಿ ಬಾಟಲಿಗೆ ತುಂಬಿರಬೇಕು. ಗುಳ್ಳೆ ನಿಂತ್ರೆ ಕೆಲಸ ಮುಗೀತು ಅಂತಲ್ಲ, ಮುಚ್ಚಳ ಸಡಿಲ ಇದ್ರೂ ಗುಳ್ಳೆ ಬರಲ್ಲ, ಸೆಕೆ ಏರಿಳಿದ್ರೆ ಸುಮ್ಮನೆ ಗುಳ್ಳೆ ಬರೋದೂ ಇದೆ. ನಂಬಬೇಕಾದ್ದು ಹೈಡ್ರೋಮೀಟರ್ ಒಂದನ್ನೇ. ಯೀಸ್ಟ್ ಹಾಕೋ ಮುಂಚೆ ಒಂದು ರೀಡಿಂಗ್, 1.048 ಅಂತಿಟ್ಕೊಳ್ಳಿ (ಸಾದಾ ನೀರಿಗೆ 1.000). ಸಕ್ಕರೆ ಆಲ್ಕೋಹಾಲ್ ಆಗ್ತಾ ಆಗ್ತಾ ನೀರು ಹಗುರಾಗತ್ತೆ, ಮೀಟರ್ ಕೆಳಗೆ ಇಳಿಯತ್ತೆ, ಕೊನೆಗೆ 1.012 ಹತ್ರ ನಿಲ್ಲತ್ತೆ. ಮೂರು ದಿನ ಬಿಟ್ಟು ನೋಡಿದ್ರೂ ಅದೇ ನಂಬರ್ ಇದ್ರೆ ಆಗ ಮುಗೀತು. ಎರಡರ ವ್ಯತ್ಯಾಸವನ್ನ 131ರಿಂದ ಗುಣಿಸಿದ್ರೆ ಆಲ್ಕೋಹಾಲ್ ಶೇಕಡಾ ಸಿಗತ್ತೆ, ಇಲ್ಲಿ 0.036 ಅಂದ್ರೆ ಸುಮಾರು 4.7. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನಿಮ್ಮದು, ಈ ನಂಬರ್ ಬರೆದಿಡೋ ಜವಾಬ್ದಾರಿ ನೀವೇ ತಗೊಳ್ಳಿ, ಮಗನಿಗೆ ಬಿಡ್ಬೇಡಿ.

ಬಾಟಲಿಯಲ್ಲಿ ಗ್ಯಾಸ್ ಬರೋಕೆ ತುಂಬೋವಾಗ ಸ್ವಲ್ಪ ಸಕ್ಕರೆ ಸೇರಿಸ್ತೀವಿ, ಉಳಿದಿರೋ ಯೀಸ್ಟ್ ಅದನ್ನ ತಿಂದು ಮುಚ್ಚಿದ ಬಾಟಲಿಯೊಳಗೇ ಗ್ಯಾಸ್ ಮಾಡತ್ತೆ. ಲೀಟರ್‌ಗೆ 6 ಗ್ರಾಂ, 20 ಲೀಟರ್‌ಗೆ 120 ಗ್ರಾಂ, ಸಾಮಾನ್ಯ ಏಲ್‌ಗೆ ಇಷ್ಟು ಸಾಕು. ಒಳಗೆ ತಿನ್ನದೆ ಉಳಿದ ಮಾಲ್ಟ್ ಸಕ್ಕರೆ ಮೊದಲೇ ಇದ್ದು, ಅದರ ಮೇಲೆ ಇದೂ ಸೇರಿದ್ರೆ ಗಾಜು ತಡೆಯಲ್ಲ. ಚಮಚೆಯಲ್ಲಿ ಒಂದೊಂದು ಬಾಟಲಿಗೂ ಅಂದಾಜಲ್ಲಿ ಹಾಕೋದು ತಪ್ಪು, ತಕ್ಕಡಿಯಲ್ಲಿ ತೂಗಿ, ಸ್ವಲ್ಪ ನೀರಲ್ಲಿ ಕುದಿಸಿ, ಇನ್ನೊಂದು ಶುದ್ಧ ಬಕೆಟ್‌ಗೆ ಮೊದಲು ಅದನ್ನ ಹಾಕಿ, ಮೇಲಿಂದ ಬಿಯರ್ ಅನ್ನ ಪೈಪಲ್ಲಿ ಸದ್ದಿಲ್ಲದೆ ಇಳಿಸಿ. ಸುರಿದ್ರೆ ಗಾಳಿ ಸೇರಿ ಒದ್ದೆ ರಟ್ಟಿನ ವಾಸನೆ ಬರತ್ತೆ. ಬಾಟಲಿ ಕಂದು ಬಣ್ಣದ್ದು ಇರಲಿ, ಬೆಳಕು ಬಿದ್ರೆ ಹಾಪ್ಸ್‌ನ ಕಹಿ ಅಂಶ ಒಡೆದು ಕೆಟ್ಟ ಗಂಧಕದ ನಾತ ಹುಟ್ಟತ್ತೆ, ಹಸಿರು ಗಾಜು, ಬಿಳಿ ಗಾಜು ಅದನ್ನ ತಡೆಯಲ್ಲ. ಜೊತೆಗೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿಡಿ, ದಿನಾ ಅದನ್ನ ಕೈಯಲ್ಲಿ ಅದುಮಿ ನೋಡಿ, ಗಟ್ಟಿಯಾಯ್ತು ಅಂದ್ರೆ ಗಾಜಿನದ್ರಲ್ಲೂ ಗ್ಯಾಸ್ ತುಂಬಿದೆ ಅಂತ. ಮೊದಲ ಎರಡು ವಾರ ಎಲ್ಲ ಬಾಟಲಿಯನ್ನೂ ಮುಚ್ಚಳದ ಡಬ್ಬದೊಳಗೆ ಇಡಿ, ಮೊಮ್ಮಕ್ಕಳು ಓಡಾಡೋ ಜಾಗದಲ್ಲಿ ಬೇಡ. ಇದೊಂದು ವಿಷಯದಲ್ಲಿ ದಯವಿಟ್ಟು ಯಾವ ಸಡಿಲಿಕೆಯನ್ನೂ ಮಾಡ್ಬೇಡಿ.

ಶುದ್ಧಿ ಬಗ್ಗೆ ಉದ್ದ ಬರೆಯಲ್ಲ. ಕುದಿಯೋವರೆಗೆ ಪಾತ್ರೆ ತೊಳೆದಿದ್ರೆ ಸಾಕು, ಕುದಿದು ಆರಿದ ಮೇಲೆ ಅದಕ್ಕೆ ತಾಗೋ ಪ್ರತಿಯೊಂದೂ, ಸೌಟು ಥರ್ಮಾಮೀಟರ್ ಪೈಪು ನಿಮ್ಮ ಕೈ, ಸ್ಯಾನಿಟೈಸ್ ಆಗಿರಬೇಕು. ಫಾಸ್ಫರಿಕ್ ಆಸಿಡ್ ಇರೋ, ತೊಳೆಯೋದೇ ಬೇಡದ ದ್ರಾವಣ ಲೀಡ್ಸ್‌ನಲ್ಲಿ ಸುಲಭವಾಗಿ ಸಿಗತ್ತೆ. ಮೊದಲು ಕೊಳೆ ತೊಳೀಬೇಕು, ಆಮೇಲೆ ಸ್ಯಾನಿಟೈಸರ್, ಕೊಳೆ ಮೇಲೆ ಹಾಕಿದ್ರೆ ಏನೂ ಆಗಲ್ಲ. ಯಾಕಿಷ್ಟು ಮಡಿ ಅಂದ್ರೆ, ಕಾರ್ಲ್ಸ್‌ಬರ್ಗ್ ಕಂಪನಿಯ ಲ್ಯಾಬಿನಲ್ಲಿ ಎಮಿಲ್ ಹಾನ್ಸನ್ ಅನ್ನೋ ವಿಜ್ಞಾನಿ ಕೆಟ್ಟ ಬಿಯರ್‌ಗೆ ಕಾರಣ ಹುಡುಕ್ತಾ ಹೋಗಿ ಅದರಲ್ಲಿ ಕಾಡು ಯೀಸ್ಟ್‌ಗಳು ಬೆರೆತಿರೋದನ್ನ ಕಂಡ್ರು, ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ 1883ರಲ್ಲಿ ಅದರಿಂದ ಬಿಯರ್ ಮಾಡಿ ತೋರಿಸಿದ್ರು. ನಿಮ್ಮ ಕೈಲಿರೋ ಪ್ಯಾಕೆಟ್ ಆ ಕೆಲಸದ ಫಲ, ಅದಕ್ಕೆ ಬೇರೆಯವರನ್ನ ಬೆರೆಸ್ಬೇಡಿ.

ಈಗ ನನಗೆ ಇಷ್ಟವಾದ ಭಾಗ. ಜೂನ್‌ವರೆಗೆ ಡೊಂಬಿವಲಿಯಲ್ಲಿ ಸುಮ್ಮನೆ ಕೂರಬೇಕಾಗಿಲ್ಲ, ಬಿಯರ್‌ನ ಅರ್ಧ ವಿದ್ಯೆ ನಿಮ್ಮ ಅಡುಗೆಮನೇಲಿ, ಒಂದು ಹನಿ ಆಲ್ಕೋಹಾಲ್ ಇಲ್ಲದೆ ಕಲೀಬಹುದು, ಅದೂ ರಾಗಿಯಲ್ಲಿ. ಡಬ್ಬಿಯ ಮಾಲ್ಟ್ ಅಂದ್ರೆ ಬೇರೆ ಯಾರೋ ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಲ್ಲಿ ಕಲಸಿ, ರಸ ಬಸಿದು, ಗಟ್ಟಿ ಪಾಕ ಮಾಡಿ ಕೊಟ್ಟಿದ್ದು. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟತ್ತೆ, ಅದು ಹಿಟ್ಟಿನ ಪಿಷ್ಟವನ್ನ ಸಕ್ಕರೆಯಾಗಿ ಕತ್ತರಿಸತ್ತೆ. ಕಿರಾಣಿ ಅಂಗಡಿಯ ಪಾಲಿಶ್ ಬಾರ್ಲಿಯಲ್ಲಿ ಮೊಳಕೆಯೂ ಇಲ್ಲ ಕಿಣ್ವವೂ ಇಲ್ಲ, ಅದನ್ನ ಎಷ್ಟು ಬೇಯಿಸಿದ್ರೂ ಗಂಜಿಯೇ.

ರಾಗಿ ಒಂದು ದಿನ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಹಿಟ್ಟು ಮಾಡ್ಕೊಳ್ಳಿ. ಮನೆಯವರು ಮಕ್ಕಳಿಗೆ ಮಾಡಿರ್ತಾರೆ, ಆದ್ರೆ ಈ ಸಲ ಹುರೀಬಾರದು, ಹುರಿದ್ರೆ ಕಿಣ್ವ ಸಾಯತ್ತೆ. ಇನ್ನೊಂದು ಪಾತ್ರೇಲಿ ಮಾಮೂಲಿ ರಾಗಿ ಹಿಟ್ಟಿನ ಗಂಜಿಯನ್ನ ಸೌಟು ನಿಲ್ಲೋ ಅಷ್ಟು ಗಟ್ಟಿಯಾಗಿ ಬೇಯಿಸಿ. 65 ಡಿಗ್ರಿಗೆ ಆರಿದಾಗ ಒಂದೆರಡು ಚಮಚೆ ಮೊಳಕೆ ಹಿಟ್ಟು ಹಾಕಿ ತಿರುವಿ, ಮುಚ್ಚಿಡಿ. ಕೆಲವೇ ನಿಮಿಷದಲ್ಲಿ ಆ ಗಟ್ಟಿ ಗಂಜಿ ನೀರಾಗತ್ತೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಸಿಹಿ ಬಂದಿರತ್ತೆ, ಬೆಲ್ಲ ಹಾಕದೆ! ಮೊದಲ ಸಲ ನೋಡಿದವರಿಗೆ ನಂಬಕ್ಕಾಗಲ್ಲ. ಬ್ರೂವರಿಯಲ್ಲಿ ಮ್ಯಾಶ್ ಅಂತ ಮಾಡೋದು ಇದನ್ನೇ, ಅಲ್ಲಿ ಪುಡಿ ಮಾಡಿದ ಬಾರ್ಲಿ ಮಾಲ್ಟನ್ನ 65ರಿಂದ 68 ಡಿಗ್ರಿ ನೀರಲ್ಲಿ ಒಂದು ಗಂಟೆ ಇಡ್ತೀವಿ. ನೀವು ಬೇರೆ ಬೇರೆ ಬಿಸಿಯಲ್ಲಿ ಮಾಡಿ ನೋಡಿ, 50ರಲ್ಲಿ ಒಂದು, 65ರಲ್ಲಿ ಒಂದು, 85ರಲ್ಲಿ ಒಂದು. 85ರದ್ದು ಅಷ್ಟು ತೆಳುವಾಗಲ್ಲ, ಕಿಣ್ವ ಬೆಂದುಹೋಗಿರತ್ತೆ. ಒಂದು ತೊಟ್ಟು ತಟ್ಟೆಗೆ ಹಾಕಿ ಟಿಂಕ್ಚರ್ ಅಯೋಡಿನ್ ಬಿಟ್ರೆ ಪಿಷ್ಟ ಉಳಿದಿದ್ರೆ ಕಡುನೀಲಿ ಆಗತ್ತೆ, ಸಕ್ಕರೆಯಾಗಿದ್ದಷ್ಟೂ ನೀಲಿ ಕಮ್ಮಿ. ಅಯೋಡಿನ್ ಬಿದ್ದಿದ್ದನ್ನ ಚೆಲ್ಲಿ, ಉಳಿದ ಗಂಜಿಯನ್ನ ಒಮ್ಮೆ ಕುದಿಸಿ ಹಾಲು ಹಾಕಿ ಕುಡೀರಿ. ಹಿಮಾಲಯದ ಕಡೆ ಇದೇ ರಾಗಿಯಿಂದ ತೊಂಗ್ಬಾ ಅನ್ನೋ ಬಿಸಿ ಮದ್ಯ ಮಾಡ್ತಾರೆ, ಆದ್ರೆ ಅವರದ್ದು ಮೊಳಕೆಯ ದಾರಿ ಅಲ್ಲ, ಬೂಸ್ಟಿನ ಜಾತಿಯ ಸೂಕ್ಷ್ಮಜೀವಿ ಇರೋ ಬಿಲ್ಲೆ ಪುಡಿ ಮಾಡಿ ಹಾಕಿ ಪಿಷ್ಟ ಒಡೆಸ್ತಾರೆ.

ಇನ್ನೊಂದು, ಪುಣೆಗೆ ಬಂದಾಗ ಅಲ್ಲೇ ಬಿಯರ್ ಮಾಡಿ ಬಡಿಸೋ ಒಂದು ಮೈಕ್ರೋಬ್ರೂವರಿಗೆ ಹೋಗಿ ಕೂತು ಬನ್ನಿ. ಮಹಾರಾಷ್ಟ್ರದ ಮೊದಲನೇದು, ಡೂಲಾಲಿ, ಇಲ್ಲೇ 2009ರಲ್ಲಿ ಶುರುವಾಗಿದ್ದು, ಈಗ ಊರ ತುಂಬ ಇವೆ. ಜನ ಕಮ್ಮಿ ಇರೋ ಮಧ್ಯಾಹ್ನ ಹೋದ್ರೆ ಬ್ರೂವರ್‌ಗಳು ಸಂತೋಷದಿಂದ ಮಾತಾಡ್ತಾರೆ, ಟ್ಯಾಂಕಿನ ಮೇಲಿರೋ ಟೆಂಪರೇಚರ್ ತೋರಿಸಿ ಅಂತ ಕೇಳಿ. ಅಲ್ಲಿ ಹೆಫೆವೈಜನ್ ಅನ್ನೋ ಗೋಧಿ ಬಿಯರ್ ಸಿಕ್ರೆ ಕುಡಿದು ನೋಡಿ, ಅದರಲ್ಲಿ ಬಾಳೆಹಣ್ಣಿನ ವಾಸನೆ ಬೇಕು ಅಂತಲೇ ಅದಕ್ಕೆ ತಕ್ಕ ಯೀಸ್ಟ್‌ನಿಂದ ಬರಿಸಿರ್ತಾರೆ. ಮಗನ ಬ್ಯಾಚಿಗೂ ಇದಕ್ಕೂ ಎಷ್ಟು ಅಂತರ ಅಂತ ನಾಲಿಗೆಗೆ ಗೊತ್ತಾಗತ್ತೆ, ವಾಸನೆ ಇದ್ದೂ ಉರಿ ಇರಲ್ಲ.

ಲೀಡ್ಸ್‌ನಲ್ಲಿ ಮೊದಲ ಬ್ಯಾಚ್ ಡಬ್ಬಿಯಿಂದಲೇ ಮಾಡಿ, ಕಾಳಿನಿಂದ ಶುರು ಮಾಡ್ಬೇಡಿ. 1.7 ಕಿಲೋ ಡಬ್ಬಿ ಜೊತೆ ಒಂದು ಕಿಲೋ ಸಕ್ಕರೆ ಹಾಕಿ ಅಂತ ಬರೆದಿದ್ರೆ ಸಕ್ಕರೆ ಬದಲು ಅಷ್ಟೇ ತೂಕದ ಒಣ ಮಾಲ್ಟ್ ಪುಡಿ ಹಾಕಿ, ಬರೀ ಸಕ್ಕರೆಯಿಂದ ಬಿಯರ್ ತೆಳ್ಳಗೆ ನೀರು ನೀರಾಗತ್ತೆ. ಈ ಡಬ್ಬಿಗೆ ಹಾಪ್ಸ್ ಮೊದಲೇ ಸೇರಿರತ್ತೆ, ಕುದಿಸೋ ಅಗತ್ಯ ಇಲ್ಲ, ಹಾಗಾಗಿ ಬಕೆಟ್ ಸೌಟು ಎಲ್ಲ ಮೊದಲಿಂದಲೇ ಸ್ಯಾನಿಟೈಸ್ ಆಗಿರಲಿ, ಬಿಸಿನೀರಲ್ಲಿ ಕರಗಿಸಿ ತಣ್ಣೀರು ಬೆರೆಸಿ 18ಕ್ಕೆ ತನ್ನಿ. ಅಲ್ಲಿಯ ನಲ್ಲಿ ನೀರೇ ತಂಪು, ಇಲ್ಲಿಯ ಹಾಗೆ ಐಸ್ ಹುಡುಕಬೇಕಾಗಿಲ್ಲ. 18 ಆಗೋವರೆಗೆ ಯೀಸ್ಟ್ ಹಾಕ್ಬೇಡಿ, ರಾತ್ರಿ ತಡ ಆಯ್ತು ಅಂತ 28ರಲ್ಲೇ ಹಾಕಿ ಮಲಗೋದೇ ಎಲ್ಲರೂ ಮಾಡೋದು, ಅದರ ಬದಲು ಮುಚ್ಚಿಟ್ಟು ಬೆಳಿಗ್ಗೆ ಹಾಕಿದ್ರೂ ಪರವಾಗಿಲ್ಲ. ಹಾಕಿದ ಮೇಲೆ ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಏನೂ ಕಾಣಲ್ಲ, ಗಾಬರಿ ಬೀಳ್ಬೇಡಿ, ಮುಚ್ಚಳ ತೆಗೆದು ತೆಗೆದು ನೋಡ್ಬೇಡಿ. ಬಕೆಟ್‌ನಲ್ಲಿ ಎರಡು ವಾರ, ಬಾಟಲಿಯಲ್ಲಿ ಮತ್ತೆ ಎರಡು ಮೂರು ವಾರ. ಜೂನ್ ಮೊದಲ ವಾರ ಶುರು ಮಾಡಿದ್ರೆ ಜುಲೈ ಮಧ್ಯದಲ್ಲಿ ಕುಡಿಯೋಕೆ ಸಿದ್ಧ, ಆಗಸ್ಟ್‌ನಲ್ಲಿ ಇನ್ನೂ ಚೆನ್ನಾಗಿರತ್ತೆ.

ಊರಿಗೆ ವಾಪಸ್ ತರೋ ಯೋಚನೆ ಇದ್ರೆ ಬಿಡಿ. ಗ್ಯಾಸ್ ತುಂಬಿದ ಗಾಜಿನ ಬಾಟಲಿ, ಲೇಬಲ್ ಇಲ್ಲ, ಸೂಟ್‌ಕೇಸ್‌ನಲ್ಲಿ ಎಸೆದಾಡ್ತಾ ಬರತ್ತೆ, ಕಸ್ಟಮ್ಸ್‌ನಲ್ಲಿ ಏನು ಅಂತ ವಿವರಿಸ್ತೀರಿ. ಅಲ್ಲೇ ಕುಡಿದು, ಉಳಿದಿದ್ದನ್ನ ಮಗನ ಸ್ನೇಹಿತರಿಗೆ ಕೊಟ್ಟು ಬನ್ನಿ.

ಪ್ಯಾಕ್ ಮಾಡೋ ಮುಂಚೆ ಆ ಹೈಡ್ರೋಮೀಟರ್ ಸರಿ ಇದೆಯಾ ನೋಡಿಬಿಡಿ. ಅದು ಸಾಮಾನ್ಯವಾಗಿ 20 ಡಿಗ್ರಿಗೆ ಗುರುತು ಹಾಕಿರತ್ತೆ, 20 ಡಿಗ್ರಿಯ ಸಾದಾ ನೀರಲ್ಲಿ ಬಿಟ್ರೆ 1.000 ತೋರಿಸಬೇಕು, ಡೊಂಬಿವಲಿಯ ನಲ್ಲಿ ನೀರು 30 ಡಿಗ್ರಿ ಇದ್ರೆ 0.998 ಹತ್ರ ತೋರಿಸತ್ತೆ, ಅದು ಮೀಟರ್ ತಪ್ಪಲ್ಲ. ಆಮೇಲೆ 100 ಗ್ರಾಂ ಸಕ್ಕರೆಗೆ ನೀರು ಸೇರಿಸಿ ಕರೆಕ್ಟಾಗಿ ಒಂದು ಲೀಟರ್ ಮಾಡಿ, 20 ಡಿಗ್ರಿಗೆ ತಂದು ನೋಡಿ, 1.038 ಬರಬೇಕು. ಬಂದ್ರೆ ಬಟ್ಟೆ ಮಧ್ಯೆ ಸುತ್ತಿ ಚೆಕ್-ಇನ್ ಬ್ಯಾಗಲ್ಲಿ ಇಡಿ, ತೆಳ್ಳಗಿನ ಗಾಜು, ಬೇಗ ಒಡೆಯತ್ತೆ. ಯೀಸ್ಟ್ ಪ್ಯಾಕೆಟ್ ದೀಪಾವಳಿಯಿಂದ ಕಪಾಟಿನಲ್ಲೇ ಇದ್ರೆ ಅದನ್ನ ನಂಬ್ಬೇಡಿ, ಮುಂಬೈ ಸೆಕೆಗೆ ಒಂದಷ್ಟು ಸತ್ತಿರಬಹುದು, ಲೀಡ್ಸ್‌ನಲ್ಲಿ ಹೊಸ 11 ಗ್ರಾಂ ಪ್ಯಾಕೆಟ್ ಒಂದು ತಗೊಳ್ಳಿ, 20 ಲೀಟರ್‌ಗೆ ಸರಿಹೋಗತ್ತೆ.